ಮಾತು ಬಂದ ದಾರಿ

ಬೀದಿಯವರೆಲ್ಲ ಅವಳನ್ನು ಕತ್ತರಿ ಅತ್ತೆ ಎಂದೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವುದರಲ್ಲಿ ಎಷ್ಟು ಚುರುಕೋ, ಎದುರಿನವರ ಮಾತು ಕತ್ತರಿಸುವುದರಲ್ಲೂ ಅಷ್ಟೇ. ಗಂಡ ತೀರಿಕೊಂಡ ಮೇಲೆ ಮೈದುನನ ಕಟ್ಟಡದ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಮಾತ್ರ ಯಂತ್ರಗಳಿಗೆ ರಜೆ. ಅಂದು ಹೆಂಗಸರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು, ಇವಳು ಅಪ್ಪನ ಹದೀಸ್ ಪುಸ್ತಕ ತೆರೆದು ಪ್ರವಾದಿಯವರ ನಡೆ-ನುಡಿ ಹೇಳುತ್ತಿದ್ದಳು. ಅಪ್ಪ ಜೀವನವಿಡೀ ಹದೀಸ್ ಕಲಿಸಿದವನು. "ಮಾತು ನಂಬೋಕೆ ಮುಂಚೆ ಅದು ಬಂದ ದಾರಿ ನೋಡು ಮಗಳೇ. ಯಾರು ಹೇಳಿದ್ರು, ಅವರಿಗೆ ಯಾರು ಹೇಳಿದ್ರು ಅಂತ ಕೇಳು. ನಡುವೆ ಒಬ್ಬ ಸುಳ್ಳ ಸಿಕ್ಕಿದ್ರೆ ಅಲ್ಲಿಗೇ ಬಿಡು" ಎನ್ನುತ್ತಿದ್ದ. ಪ್ರವಾದಿಯವರ ಹೆಸರಿನಲ್ಲಿ ಬೇಕೆಂದೇ ಸುಳ್ಳು ಹೇಳಿದವನು ಆಮೇಲೆ ತೌಬಾ ಮಾಡಿ ಪಶ್ಚಾತ್ತಾಪಪಟ್ಟರೂ ಅವನ ಬಾಯಿಂದ ಮತ್ತೆ ಹದೀಸ್ ತೆಗೆದುಕೊಳ್ಳಬಾರದು ಎಂಬುದು ಅವನ ಕಟ್ಟುನಿಟ್ಟು. ಮಗಳು ಆ ಕಟ್ಟುನಿಟ್ಟನ್ನು ಬೀದಿಗೆಲ್ಲ ಕಲಿಸಿ ಮೆರೆದಿದ್ದಳು.

ಮೈದುನನಿಗೆ ಆ ಕೋಣೆಯ ಮೇಲೆ ಕಣ್ಣು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತ.

"ಅತ್ತಿಗೆ, ಅಂಗಡಿ ಮುಚ್ಚಿ ಮನೇಲಿರಿ. ಹೊಸ್ತಿಲು ದಾಟಿ ದುಡಿಯೋ ಹೆಣ್ಣಿನ ಮನೇಲಿ ಬರಕತ್, ಏಳಿಗೆ ನಿಲ್ಲೋದಿಲ್ಲ ಅಂತ ಪ್ರವಾದಿಯವರೇ ಹೇಳಿದ್ದಾರೆ. ನಿಮಗೆ ಗೊತ್ತಿಲ್ಲದ್ದಾ?"

ಅವಳ ಮೈ ಉರಿದುಹೋಯಿತು. ಕೋಣೆ ಬೇಕಾದರೆ ಕೋಣೆ ಬೇಕು ಅನ್ನಲಿ, ಪ್ರವಾದಿಯವರನ್ನು ಯಾಕೆ ಎಳೆಯಬೇಕು ಈ ಮನೆಹಾಳ!

"ಯಾರಪ್ಪಾ ಹೇಳಿದ್ದು ನಿನಗೆ?"

"ಗಡಿಯಾರದವರು."

"ನಡಿ, ಕೇಳೋಣ. ದಾರಿ ಸರಿಯಾಗಿದ್ರೆ ಇವತ್ತೇ ಬೀಗದ ಕೈ ಕೊಡ್ತೀನಿ. ಸುಳ್ಳಾದ್ರೆ ನೀನು ಮತ್ತೆ ಈ ಕಡೆ ತಲೆ ಹಾಕಬಾರದು."

ಕೈಯಲ್ಲಿ ಕತ್ತರಿ ಹಿಡಿದೇ ಹೊರಟಳು. ಹಿಂದೆ ಮೈದುನ. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ, "ನನ್ನ ಹೆಂಡತಿ ಹೇಳಿದ್ದು" ಎಂದು ಕೈ ತೊಳೆದುಕೊಂಡ.

"ಕೇಳಿದ್ದನ್ನೆಲ್ಲ ಹೇಳ್ತಾ ಹೋದ್ರೆ ಸಾಕು, ಮನುಷ್ಯ ಸುಳ್ಳುಗಾರ ಆಗೋಕೆ. ಇದು ಹದೀಸ್, ಗೊತ್ತಾ?" ಎಂದು ಅವನಿಗೂ ಬಾರಿಸಿದಳು. ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವನ ಹೆಂಡತಿ ತಬ್ಬಿಬ್ಬಾದಳು. "ಅಯ್ಯೋ, ನಿಮ್ಮ ಸೊಸೇನೇ ಅಲ್ವಾ ಹೇಳಿದ್ದು?"

ಅತ್ತೆ-ಸೊಸೆ ಮೊದಲಿನಿಂದಲೂ ಎಣ್ಣೆ-ಸೀಗೆಕಾಯಿ. ಸಿಕ್ಕಿಬಿದ್ದಳು ಕಳ್ಳಿ ಎಂದು ಕತ್ತರಿ ಅತ್ತೆಗೆ ಒಳಗೊಳಗೇ ಖುಷಿಯಾಯಿತು. ಅದೇ ಹುರುಪಿನಲ್ಲಿ ಮನೆಗೆ ನುಗ್ಗಿದಳು. ಸೊಸೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದಳು.

"ಹೊಸ್ತಿಲು ದಾಟೋ ಹೆಣ್ಣಿನ ಮಾತು ನಿನಗೆ ಯಾರು ಹೇಳಿದ್ರೇ?"

ಸೊಸೆ ದಾರವನ್ನು ಹಲ್ಲಿನಲ್ಲಿ ಕಡಿದು ತಲೆ ಎತ್ತಿದಳು. "ನೀವೇ."

"ನಾನಾ?"

"ಆರು ವರ್ಷ ಆಯ್ತು. ಆಸ್ಪತ್ರೆಯಿಂದ ನರ್ಸ್ ಕೆಲಸದ ಕಾಗದ ಬಂದಿತ್ತು. ನೀವು ಈ ಒಲೆ ಮುಂದೆ ನಿಂತು ಪ್ರವಾದಿಯವರ ಮಾತು ಅಂತ ಹೇಳಿದ್ರಿ. ನಾನು ಕಾಗದ ಹರಿದು ಹಾಕಿದೆ. ಯಾಕೆ ಹೋಗಲಿಲ್ಲ ಅಂತ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ."

ನೆನಪಾಯಿತು. ಕಾಜಾ ಹೊಲಿಯಲು ಆಳು ಸಿಗದ ಕಾಲ. ಇವಳೂ ಹೊರಗೆ ಹೊರಟರೆ ಗತಿಯೇನು ಎಂಬ ಸಿಟ್ಟಿನಲ್ಲಿ ನಾಲಿಗೆಗೆ ಬಂದದ್ದನ್ನು ಆಡಿ, ಅದಕ್ಕೊಂದು ದೊಡ್ಡ ಹೆಸರು ಅಂಟಿಸಿದ್ದಳು. ಮರುಕ್ಷಣವೇ ತಾನು ಮಾತ್ರ ಹೊಸ್ತಿಲು ದಾಟಿ ಅಂಗಡಿಗೆ ಹೋಗಿದ್ದಳು.

ಹಿಂದೆಯೇ ಬಂದು ನಿಂತಿದ್ದ ಮೈದುನ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ. ನಾನು ಹೇಳೇ ಇಲ್ಲ ಎಂದುಬಿಟ್ಟರೆ ಸಾಕು: ಸೊಸೆ ಸುಳ್ಳಿ, ಅಂಗಡಿಯೂ ತನ್ನದೇ, ಶುಕ್ರವಾರವೂ ತನ್ನದೇ. ಬೀದಿ ಯಾರನ್ನು ನಂಬುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

"ಅದು ಹದೀಸ್ ಅಲ್ಲ," ಎಂದಳು. "ನಾನು ಕಟ್ಟಿದ ಸುಳ್ಳು. ಹೋಗಪ್ಪಾ, ಎಲ್ಲರಿಗೂ ಹೇಳು."

ಮೈದುನ ಹೇಳಿದ, ಚೆನ್ನಾಗಿಯೇ ಹೇಳಿದ. ಆಡಿದ ಮಾತಿನಂತೆ ಕೋಣೆ ಉಳಿಯಿತು. ಸೊಸೆ ಮರುದಿನವೇ ಆಸ್ಪತ್ರೆಗೆ ಹೋಗಿ ಬಂದಳು. ವಯಸ್ಸು ಮೀರಿದೆ ಎಂದರಂತೆ. ಅತ್ತೆಯೊಡನೆ ಆ ಬಗ್ಗೆ ಅವಳು ಆಡಿದ್ದು ಅಷ್ಟೇ.

ಶುಕ್ರವಾರ ಹೆಂಗಸರು ಬಂದರು, ಅರ್ಧ ಜನ ಕುತೂಹಲಕ್ಕೆ. ಹೊಲಿದ ಅಂಗಿ ಕೊಡಲು ಬಂದ ಸೊಸೆಯೂ ಮೂಲೆಯಲ್ಲಿ ನಿಂತಳು. ಅತ್ತೆ ಪುಸ್ತಕ ತೆರೆಯಲಿಲ್ಲ.

"ತೌಬಾ ಮಾಡಿದ್ದೀರಲ್ಲ, ಹೇಳಿ," ಎಂದಳು ಗಡಿಯಾರದವನ ಹೆಂಡತಿ.

"ತೌಬಾನ ದೇವರು ಒಪ್ಪಲಿ," ಎಂದಳು ಸೊಸೆ. "ಇವರ ಬಾಯಿಂದ ಹದೀಸ್ ನಾವು ತಗೊಳ್ಳೋ ಹಾಗಿಲ್ಲ. ಇವರೇ ಕಲಿಸಿದ್ದು."

ಕತ್ತರಿ ಅತ್ತೆ ಎದ್ದು, ಅಪ್ಪನ ಪುಸ್ತಕವನ್ನು ಎರಡೂ ಕೈಯಲ್ಲಿ ಸೊಸೆಯ ಮುಂದೆ ಹಿಡಿದಳು. "ಹಾಗಾದ್ರೆ ನೀನೇ ಓದು."

ಸೊಸೆ ಕೈ ಚಾಚಲಿಲ್ಲ.

"ನಾನೂ ಕೇಳಿದ್ದನ್ನೆಲ್ಲ ಹೇಳ್ತಾ ಹೋದವಳೇ," ಎಂದು ಅಂಗಿಗಳ ಗಂಟನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.