ದೊಡ್ಡಮ್ಮನ ಬೆಳ್ಳಿಗಾಜು

ತೇವ ಹಿಡಿದ ಹಳೇ ಪೇಪರಿನ ವಾಸನೆ ಬಂದರೆ ಸಾಕು, ಮೈಸೂರಿನ ದೊಡ್ಡಮ್ಮನ ಮನೆ ನನ್ನ ಕಣ್ಣೆದುರು ಬಂದು ನಿಲ್ಲುತ್ತದೆ. ನಾನೀಗ ಇರುವ ಜರ್ಮನಿಯ ಹೈಡಲ್‌ಬರ್ಗಿನ ಹಳೇ ಸಾಮಾನಿನ ಸಂತೆಯಲ್ಲಿ ಗಾಜಿನ ವಸ್ತುಗಳನ್ನು ಸುತ್ತಿಕೊಡುವ ಪೇಪರಿಗೂ ಅದೇ ವಾಸನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು ದೊಡ್ಡಮ್ಮನ ಮನೆಯಲ್ಲೇ ಇದ್ದೆವು. ನವರಾತ್ರಿಗೆ ದೊಡ್ಡಮ್ಮ ಬೊಂಬೆಗಳನ್ನೆಲ್ಲ ಪೇಪರಿನಿಂದ ಬಿಚ್ಚಿ, ಕಡೆಗೆ ಒಂದು ದುಂಡನೆಯ ಹೂದಾನಿಯನ್ನು ತೆಗೆಯುತ್ತಿದ್ದರು. ಅವರು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಅಮೆರಿಕದ ಡಾಕ್ಟರಮ್ಮ ಒಬ್ಬರು ಊರಿಗೆ ಮರಳುವ ಮುನ್ನ ಕೊಟ್ಟದ್ದು. ನೋಡಲು ಅಪ್ಪಟ ಬೆಳ್ಳಿ. ನಿಜಕ್ಕೂ ಎರಡು ಪದರದ ಗಾಜು, ಅವುಗಳ ನಡುವೆ ಬೆಳ್ಳಿಯ ಲೇಪ, ಮೈಮೇಲೆ ಕೆತ್ತಿದ ದ್ರಾಕ್ಷಿಬಳ್ಳಿ. ಅದರ ಹೊಟ್ಟೆಯಲ್ಲಿ ಕೆಂಪು ನೆಲ, ಉಯ್ಯಾಲೆ, ಚಕ್ಕುಲಿ ಕಡಿಯುತ್ತಿದ್ದ ನಾನು, ಇಡೀ ಮನೆಯೇ ಬಾಗಿ ಬಳುಕಿ ಕಾಣುತ್ತಿತ್ತು. ದೊಡ್ಡಮ್ಮ ಹೋದರು, ಮನೆ ಮಾರಾಟವಾಯಿತು. ಹೂದಾನಿ ಏನಾಯಿತೆಂದು ಕೇಳಿದರೆ ನೆಂಟರಲ್ಲಿ ಒಬ್ಬರೂ ನೆಟ್ಟಗೆ ಹೇಳುವುದಿಲ್ಲ.

ಅಂಥದೇ ಒಂದು ಸಿಕ್ಕರೆ ಆ ಮನೆಯನ್ನು ಇನ್ನೊಮ್ಮೆ ನೋಡಬಹುದೆಂಬ ಹುಚ್ಚು ನನಗೆ. ವಾರವಿಡೀ ಪಕ್ಕದೂರು ವಾಲ್‌ಡಾರ್ಫಿನ ಆಫೀಸಿನಲ್ಲಿ ತಲೆ ಕೆಡಿಸಿಕೊಂಡು, ಶನಿವಾರದ ನಿದ್ದೆಯನ್ನೂ ಬಿಟ್ಟು ಸಂತೆ ಸುತ್ತುತ್ತಿದ್ದೆ. ಎಲ್ಲಿ ನೋಡಿದರೂ ಬಿಳಿ ಹೂ ಬರೆದ ನೆರೆಯ ಬೊಹೀಮಿಯಾದ ಗಾಜೇ. ಅಮೆರಿಕದ್ದು ಬೇಕೆಂದರೆ, ಹಾಗಾದರೆ ಅಮೆರಿಕಕ್ಕೇ ಹೋಗಿ ಎಂದು ಮಾರುವವರು ನಗುತ್ತಿದ್ದರು. ಅಲ್ಲಿಂದಲೇ ತರಿಸಿದ್ದು ಒಮ್ಮೆ ಚೂರುಚೂರಾಗಿ ಬಂತು, ಇನ್ನೊಮ್ಮೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡು ವಾಪಸ್ ಹೋಯಿತು. ರೋಸಿಹೋಗಿ ಕೈಬಿಡಬೇಕೆಂದಿದ್ದಾಗ, ಈ ಬೇಸಿಗೆಯಲ್ಲಿ ಸಂತೆಯಲ್ಲಿ ಮುದುಕಿಯೊಬ್ಬಳ ಮೇಜಿನ ಮೇಲೆ ಅದೇ ದುಂಡು ಹೊಟ್ಟೆ, ಅದೇ ಬಳ್ಳಿ ಸಿಕ್ಕಿತು. ಕೊಂಡು ತಂದು, ನನ್ನ ಜೊತೆ ಇರಲು ಬಂದಿದ್ದ ಅಮ್ಮನಿಗೆ ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು.

ಮುಂದಿನ ಶುಕ್ರವಾರ ಆಫೀಸಿನಿಂದ ಬಂದಾಗ ಹೂದಾನಿ ಅಡಿಗೆಮನೆಯಲ್ಲಿ ಬೋರಲಾಗಿತ್ತು. ಪೂಜೆಗೆ ಕಲಶ ಇಡಲೆಂದು ಅಮ್ಮ ಅದನ್ನು ಬೆಳ್ಳಿ ಪಾತ್ರೆಯ ಹಾಗೆ ವಿಭೂತಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಮುಳುಗಿಸಿಟ್ಟಿದ್ದಳು. ಬೆಳ್ಳಿ ಹೊಯ್ಯಲೆಂದು ತಳದಲ್ಲಿ ಬಿಟ್ಟ ಸಣ್ಣ ತೂತಿಗೆ ಹಾಕಿದ್ದ ಬಿರಡೆ ಸಡಿಲವಾಗಿ ನೀರು ಎರಡು ಪದರಗಳ ನಡುವೆ ನುಗ್ಗಿತ್ತು. ಒಳಗಿನ ಬೆಳ್ಳಿ ಕಪ್ಪಾಗಿ, ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಅದು ಗಾಜು ಅಂತ ಇಷ್ಟು ವರ್ಷ ಅಲ್ಲಿದ್ದೂ ನಿಂಗೆ ಗೊತ್ತಾಗ್ಲಿಲ್ವಾ ಅಮ್ಮ?"

"ಹೇಗೆ ಗೊತ್ತಾಗ್ಬೇಕು ಪುಟ್ಟಿ? ಅಕ್ಕ ಒಂದು ದಿನಾನೂ ನನ್ನ ಕೈಲಿ ಮುಟ್ಟಿಸ್ಲಿಲ್ಲ. ಇದು ನಮ್ಮನೇದಲ್ವಾ, ನಾನೇ ಬೆಳಗೋಣ ಅನ್ಕೊಂಡೆ."

ಆ ಮನೆಯ ಪ್ರತಿ ಹೊತ್ತಿನ ಅಡಿಗೆ ಮಾಡಿದವಳು ಅಮ್ಮ. ನಾನು ವರ್ಷಗಟ್ಟಲೆ ಹುಡುಕಿದ್ದು ಅವಳದೂ ಆದ ಮನೆಯನ್ನು ಎಂದೇ ನಂಬಿದ್ದೆ. ಬಾಯಿಗೆ ಬಂದ ಬೈಗುಳ ಅಲ್ಲೇ ಉಳಿಯಿತು. ಈಗ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ನನ್ನನ್ನು ಅಷ್ಟು ಮುದ್ದು ಮಾಡಿದ ದೊಡ್ಡಮ್ಮ ಇಲ್ಲ. ಇದ್ದಿದ್ದರೂ, ಅಮ್ಮನ ಜೊತೆ ಯಾಕೆ ಹೀಗೆ ನಡೆದುಕೊಂಡಿರಿ ಎಂದು ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.