ಶಂಕರೆಪ್ಪನ ಎರಡನೇ ಗೇರು

ಸಿಂದಗಿ ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಶಂಕರೆಪ್ಪನ ಕೈ ಬಲು ಹಗುರ. ಗೇರು ಬದಲಿಸಿದ್ದು ಹಿಂದೆ ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಮನೆಯಲ್ಲಿ ದಿನ ತುಂಬಿದ ಹೆಣ್ಣುಮಗಳಿದ್ದರೆ ಜನ ಅವನ ಬಸ್ಸಿಗಾಗಿಯೇ ಕಾಯುತ್ತಿದ್ದರು.

ತೊಗರಿ ವ್ಯಾಪಾರಿ ಸಂಜೀವಕುಮಾರ ಮುಂಬೈಯಿಂದ ಅಮೆರಿಕದ ಹಳೇ ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ಸ್ಟೀರಿಂಗ್ ಎಡಗಡೆ. ಆ ಮೆತ್ತನೆಯ ಸೀಟು ತಾಯಿ ಸಾವಿತ್ರವ್ವನ ಸೊಂಟಕ್ಕೆ ಹಿತವಾಗಿತ್ತು, ಮಗನ ರಭಸ ಮಾತ್ರ ಆಗಲಿಲ್ಲ. "ಶಂಕರೆಪ್ಪ ಓಡಿಸಿದ್ರ ವಿಜಯಪುರದ ದವಾಖಾನಿಗೆ ಇದರಾಗ ಹೋಗ್ತೇನಿ" ಅಂದಳು.

ಶಂಕರೆಪ್ಪ ಹುಮ್ಮಸ್ಸಿನಿಂದ ಹೊರಟ. ಊರು ದಾಟುವ ಮೊದಲೇ, ಎರಡನೇ ಗೇರಿಗೆ ಎಳೆದ ಕೋಲು ತಾನಾಗಿ ಜಾರಿ ನಾಲ್ಕಕ್ಕೆ ಬಿತ್ತು. ಕಾರು ಗಡಗಡ ನಡುಗಿತು, ಸಾವಿತ್ರವ್ವ ಸೊಂಟ ಹಿಡಿದುಕೊಂಡಳು. ಮತ್ತೆ ಹಾಕಿದರೂ ಅದೇ ಪಾಡು. ಕಾರು ಹಿಂದಕ್ಕೆ ತಿರುಗಿಸಿದ.

"ಸಾವ್ಕಾರ್ರ, ಎರಡಕ್ಕ ಹಾಕಿದ್ರ ನಾಲ್ಕಕ್ಕ ಬೀಳತೈತ್ರಿ."

"ನಂಗ ಒಮ್ಮೆನೂ ಹಂಗಾಗಿಲ್ಲ ಕಾಕಾ. ವಯಸ್ಸಾತು ನಿಮಗ" ಎಂದು ಸಂಜೀವಕುಮಾರ ನಕ್ಕ.

ಶಂಕರೆಪ್ಪ ನಗಲಿಲ್ಲ. ಮನೆಯಲ್ಲಿ ಅರ್ಧ ರೊಟ್ಟಿಗೇ ಎದ್ದ. ಹೆಂಡತಿ ಕಸ್ತೂರೆವ್ವ ಅವನ ಅಂಗೈ ಹಿಡಿದು ನೋಡಿ, "ಕೈಗೇನ ಆಗೇತಿ? ಆ ಗಾಡಿಗೇ ಏನೋ ಆಗಿರಬೇಕು" ಅಂದಳು.

ಸಾವಿತ್ರವ್ವನಿಗೂ ಸಂಶಯ. ಮಗನನ್ನೂ ಶಂಕರೆಪ್ಪನನ್ನೂ ಕಾರಿನ ಹತ್ತಿರ ಕರೆಸಿದಳು. "ಸಂಜು, ಶಂಕರೆಪ್ಪನಂಗ ಮೆಲ್ಲಕ ಓಡಸು. ಬಾಜೂಕ ದಿನ ತುಂಬಿದ ಬಸುರಿ ಕುಂತಾಳ ಅಂತ ತಿಳ್ಕೊ."

ಶಂಕರೆಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಂಜೀವಕುಮಾರ ಮೊದಲ ಸಲ ನಿಧಾನಕ್ಕೆ ಓಡಿಸಿದ. ಕೋಲು ನೇರ ನಾಲ್ಕಕ್ಕೆ ಬಿತ್ತು. "ನಂದೂ ಹಂಗ ಆತಲ್ಲ ಕಾಕಾ!"

ಕಾರಿನ ಪುಸ್ತಕ ತೆಗೆದು ಓದಿದರೆ ಸಂಗತಿ ಅಲ್ಲೇ ಇತ್ತು. ಮೆಲ್ಲಗೆ ಓಡಿಸುವಾಗ ಪೆಟ್ರೋಲು ಉಳಿಯಲಿ ಎಂದು ಕಾರೇ ಎರಡು, ಮೂರನ್ನು ಅಡ್ಡಗಟ್ಟಿ ನಾಲ್ಕಕ್ಕೆ ಕಳಿಸುತ್ತದಂತೆ. ಜೋರಾಗಿ ಓಡಿಸುವವರಿಗೆ ಅದರ ಗೊಡವೆಯೇ ಇಲ್ಲ.

"ತಪ್ಪಾತ್ರಿ ಕಾಕಾ" ಎಂದ ಸಂಜೀವಕುಮಾರ ಆವತ್ತೇ ಕಾರನ್ನು ಸಿಕಂದರನ ಗ್ಯಾರೇಜಿಗೆ ಒಯ್ದ. ಬೇಕಾದ ಪುಟ್ಟ ಬಿಡಿಭಾಗ ಮುಂಬೈಯಿಂದ ಬಂತು. ಸಿಕಂದರ ಕಾರಿನಡಿ ಮಲಗಿ, ಗೇರ್‌ಬಾಕ್ಸಿಗೆ ಹೋಗುವ ಒಂದು ವೈರು ಕಿತ್ತು, ಅದರ ತುದಿಗೆ ಆ ಭಾಗ ಸಿಕ್ಕಿಸಿದ. ವೈರು ಕಿತ್ತಿದ್ದರಿಂದ ಕೋಲು ಇನ್ನು ನಾಲ್ಕಕ್ಕೆ ಜಾರುವುದಿಲ್ಲ, ಈ ಭಾಗ ಹಾಕದಿದ್ದರೆ ಸ್ಟೀರಿಂಗ್ ಮುಂದಿನ ಎಚ್ಚರಿಕೆ ದೀಪ ಸುಮ್ಮನೆ ಹತ್ತಿಕೊಂಡಿರುತ್ತದೆ ಅಂದ.

ಮರುದಿನ ಶಂಕರೆಪ್ಪ ಎರಡಕ್ಕೆ ಹಾಕಿದ, ಎರಡಕ್ಕೇ ಬಿತ್ತು. ಮೂರಕ್ಕೆ ಹಾಕಿದ, ಮೂರು. ಮೊಮ್ಮಗಳ ಸಾಲಿ ಸುದ್ದಿ ಹೇಳುತ್ತಿದ್ದ ಸಾವಿತ್ರವ್ವ ದೇವರ ಹಿಪ್ಪರಗಿ ಬರುವುದರೊಳಗೆ ನಿದ್ದೆಹೋದಳು. ದವಾಖಾನೆಯ ಗೇಟಿನಲ್ಲಿ ಅವನು ಮೆಲ್ಲಗೆ ಕರೆದ.

"ಅಕ್ಕಾರ, ಬಂತ್ರಿ."

ಸಾವಿತ್ರವ್ವ ಕಣ್ಣು ತೆರೆಯಲಿಲ್ಲ. "ಇಷ್ಟು ಲಗೂನ? ಇನ್ನೊಂದು ಸುತ್ತು ಹೊಡಿ ತಮ್ಮಾ."