ಮುಚ್ಚದ ರೆಪ್ಪೆ

ನನ್ನ ಮಗಳು ಗದ್ದ ಮೇಲೆತ್ತಿಕೊಂಡೇ ನಡೆಯುತ್ತಿದ್ದಳು. ರಾಮಮೂರ್ತಿ ನಗರದ ನಮ್ಮ ವಠಾರದ ಮಕ್ಕಳು ಅವಳನ್ನು ಜಂಬದ ಕೋಳಿ ಎನ್ನುತ್ತಿದ್ದರು. ಜಂಬ ಎಲ್ಲಿಂದ ಬರಬೇಕು? ಹುಟ್ಟಿನಿಂದಲೇ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಇಳಿಸಲು ಕೂಸಾಗಿದ್ದಾಗಲೇ ಆಪರೇಷನ್ ಆಗಿತ್ತು. ಆಮೇಲೆ ಎಡರೆಪ್ಪೆ ಜೋತುಬಿದ್ದು ಪಾಪೆಯನ್ನೇ ಮುಚ್ಚತೊಡಗಿತು. ಕೆಳಗಿನ ಸಂದಿಯಿಂದ ನೋಡಲು ಅವಳು ಮುಖ ಎತ್ತಲೇಬೇಕಿತ್ತು.

ರೆಪ್ಪೆ ಎತ್ತಿ ಹೊಲಿಯದಿದ್ದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ ಎಂದರು ಹಲಸೂರಿನ ಡಾಕ್ಟರಮ್ಮ. ತುಸು ಹೆಚ್ಚು ಎತ್ತಿದರೂ ಕಣ್ಣು ಒಣಗಿ ಹುಣ್ಣಾಗುತ್ತದಂತೆ. ಅತ್ತ ದರಿ, ಇತ್ತ ಪುಲಿ. ನನಗೆ ಅನ್ನ ಸೇರುತ್ತಿರಲಿಲ್ಲ. ಜೊತೆಗೆ ಬಂದಿದ್ದ ನನ್ನ ಅತ್ತೆಯ ಕಿವಿಗೆ ‘ಕಣ್ಣಿನ ಪ್ರೆಷರ್’ ಎಂಬುದಷ್ಟೇ ಬಿದ್ದಿತ್ತು. ಕಲಬುರಗಿ ಕಡೆಯ ಆ ಹಿರಿಜೀವ ಅದನ್ನು ಬಿ.ಪಿ. ಎಂದೇ ತಿಳಿದು ಅಂದಿನಿಂದಲೇ ಮೊಮ್ಮಗಳ ಬೇಳೆಗೆ ಉಪ್ಪು ಹಾಕುವುದನ್ನು ಬಿಟ್ಟಿತು. ನಗು ಬಂದರೂ ಬೈದೆ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ರೆಪ್ಪೆ ಮೇಲಿತ್ತು, ಪಾಪೆ ಕಾಣುತ್ತಿತ್ತು. "ಮಲಗ್ದಾಗ ಸ್ವಲ್ಪ ತೆರ್ಕೊಂಡೇ ಇರತ್ತೆ, ಗಾಬ್ರಿ ಆಗ್ಬೇಡಿ. ಮುಲಾಮು ಹಚ್ಚಿ. ಕಣ್ಣು ಮಾತ್ರ ಒತ್ಬೇಡಿ," ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮಧ್ಯಾಹ್ನ ಅವಳು ಅಜ್ಜಿಯ ಪಕ್ಕ ನಿದ್ದೆಹೋದಳು. ರೆಪ್ಪೆಯ ಸಂದಿಯಲ್ಲಿ ಬಿಳಿಗುಡ್ಡೆ ಇಣುಕುತ್ತಿತ್ತು. ನಾನು ಮುಲಾಮು ತರಲು ಹೊರಟವಳು ತಿರುಗಿ ನೋಡಿದರೆ, ಅತ್ತೆಯ ಎರಡು ಬೆರಳು ಆ ರೆಪ್ಪೆಯ ಕಡೆ ಚಾಚಿದ್ದವು. ಊರಲ್ಲಿ ಯಾರು ತೀರಿಕೊಂಡರೂ ಕಣ್ಣು ಮುಚ್ಚಿಸಲು ಕರೆಯುತ್ತಿದ್ದದ್ದು ಅವರನ್ನೇ. ಅವೇ ಬೆರಳು.

ಓಡಿ ಕೈ ಹಿಡಿದುಕೊಂಡೆ. "ಅತ್ತೀ, ಮುಚ್ಚಬ್ಯಾಡ್ರಿ."

ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಮುಖ ಸುಟ್ಟ ಬದನೆಕಾಯಿಯಾಯಿತು. "ನಾ ಏನ್ ಮಾಡಾಕ ಹೊಂಟಿದ್ನವ್ವ? ಕಣ್ಣು ತೆರದದ್ದು ಕಂಡ್ರ ಕೈ ತಾನ ಹೋಗ್ತದ," ಎಂದು ಅಳತೊಡಗಿದರು. ನನಗೂ ಅಳು ತಡೆಯಲಾಗಲಿಲ್ಲ.

ಸದ್ದಿಗೆ ಮಗಳು ಎದ್ದಳು. ಗದ್ದ ಎತ್ತಲಿಲ್ಲ. ನೇರವಾಗಿ ಅಜ್ಜಿಯ ಮುಖ ನೋಡಿ ಕೇಳಿದಳು: "ಆಯಿ, ಯಾಕ ಅಳ್ತಿ?"

ಈಗಲೂ ಅವಳು ಮಲಗಿದರೆ ಅತ್ತೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ನಾನು ಮುಲಾಮು ಹಚ್ಚುತ್ತೇನೆ. ಹಚ್ಚುವ ಮೊದಲು, ಉಸಿರಾಡುತ್ತಿದ್ದಾಳೆಯೇ ಎಂದು ಒಮ್ಮೆ ನೋಡುತ್ತೇನೆ.